ಹಿಂದಿನ ಬೆಂಚಿನಿಂದ ಕಂಡ ವಿಶಾಖಪಟ್ಟಣ

ಗುಂತಕಲ್ಲು ದಾಟಿದ ಮೇಲೆ

ನಮ್ಮ ಮನೆತನದ ಹೆಣ್ಣುಮಕ್ಕಳು ಒಬ್ಬರೇ ರೈಲು ಹತ್ತಿದರೆ ಹೆಚ್ಚೆಂದರೆ ಹುಬ್ಬಳ್ಳಿ ಮುಟ್ಟಿ ಬರುತ್ತಿದ್ದರು. ನಾನು ನಲವತ್ತೆರಡನೆಯ ವಯಸ್ಸಿನಲ್ಲಿ ಗದಗಿನಿಂದ ಒಬ್ಬಳೇ ಹೊರಟು, ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ, ಸಮುದ್ರವಿರುವ ಊರಿಗೆ ಹೋಗಿ ಬಂದೆ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಓಣಿಗೆಲ್ಲ ಒಂದೇ ಒಂದು ಎಸ್‌ಟಿಡಿ ಬೂತು. ಅಲ್ಲಿಂದ ವಿಶಾಖಪಟ್ಟಣಕ್ಕೆ ಫೋನು ಹಚ್ಚಿದಾಗ ಸಮುದ್ರದ ಸದ್ದೂ ಕೇಳೀತೇನೋ ಎಂದು ಕಿವಿಗೊಟ್ಟು ಆಲಿಸುತ್ತಿದ್ದೆ. ಕೇಳುತ್ತಿದ್ದದ್ದು ಬರೀ ಗರಗರ.

ಆ ಊರಿನಲ್ಲಿ ನನ್ನ ಚಿಕ್ಕಮ್ಮನ ಮಗಳು ಶಾರದಾ ಇದ್ದಳು. ಗಂಡ ಮೂರ್ತಿ ತೆಲುಗಿನವರು, ಬಂದರಿನಲ್ಲಿ ಗುಮಾಸ್ತರು. ಬಂದರಿನ ಹಮಾಲರು ತಾವೇ ಸೇರಿ ಕಟ್ಟಿಕೊಂಡ ಸಣ್ಣದೊಂದು ಶಾಲೆಯಲ್ಲಿ ಶಾರದಾ ಪಾಠ ಮಾಡುತ್ತಿದ್ದಳು. ಒಂದು ಪತ್ರದಲ್ಲಿ ಬರೆದಿದ್ದಳು: ‘ನಮ್ಮ ಹೆಡ್ ಮೇಡಂ ದಿನಾ ಒಂದು ಕ್ಲಾಸಿಗೆ ಬಂದು ಹಿಂದಿನ ಬೆಂಚಿನ ಮೇಲೆ ಕೂಡುತ್ತಾರೆ. ನಮಗೆ ಯಾರಿಗೂ ಹೆದರಿಕೆ ಆಗುವುದಿಲ್ಲ.’ ಎರಡನೆಯ ವಾಕ್ಯವನ್ನು ನಾನು ನಂಬಲಿಲ್ಲ.

ನಂಬದಿರಲು ಕಾರಣವಿತ್ತು. ನಾನೂ ಅಂಥದೇ ಒಂದು ಶಾಲೆಯ ಮುಖ್ಯೋಪಾಧ್ಯಾಯಿನಿ. ನಮ್ಮದು ಮಗ್ಗದ ಓಣಿಯ ನೇಕಾರರು ತಮ್ಮ ಮಕ್ಕಳಿಗೆಂದು ಕಟ್ಟಿಕೊಂಡ ಶಾಲೆ. ಹದಿನೈದು ವರ್ಷ ನಾನು ಚೆನ್ನಾಗಿ ಪಾಠ ಮಾಡಿದ್ದೆ. ಆ ಗುಣಕ್ಕೆ ನನ್ನನ್ನು ದೊಡ್ಡಕ್ಕೋರನ್ನಾಗಿ ಮಾಡಿ ಕೋಣೆಯೊಂದರಲ್ಲಿ ಕೂಡಿಸಿದರು. ಮೂರು ವರ್ಷದಿಂದ ಹಾಜರಿ ಪುಸ್ತಕಕ್ಕೆ ಸಹಿ ಹಾಕುತ್ತಿದ್ದೆ, ಸುಣ್ಣ ಹಚ್ಚುವವರನ್ನು ಹುಡುಕುತ್ತಿದ್ದೆ. ಇನ್ನೊಬ್ಬರ ತರಗತಿಯೊಳಗೆ ಕಾಲಿಟ್ಟಿರಲಿಲ್ಲ. ಸಾಹೇಬರು ತಪಾಸಣೆಗೆ ಬಂದು ಹಿಂದೆ ಕೂತರೆ ನಮ್ಮವರ ಕೈಯಲ್ಲಿ ಸೀಮೆಸುಣ್ಣ ಮುರಿಯುತ್ತಿತ್ತು. ಅಂಥ ಭಯ ನನ್ನಿಂದಲೂ ಆಗಬೇಕೇಕೆ ಎಂದು ಸುಮ್ಮನಿದ್ದೆ.

ಆ ವರ್ಷ ತಪಾಸಣೆಗೆ ಬಂದವರು ಮೂರನೆಯ ತರಗತಿಯ ನೀಲಮ್ಮನ ಬಗ್ಗೆ ಕಟುವಾಗಿ ಬರೆದು ಹೋದರು: ಮಕ್ಕಳು ಬಾಯಿ ಬಿಡುವುದಿಲ್ಲ, ಶಿಕ್ಷಕಿಗೆ ಕಲಿಸಲು ಬರುವುದಿಲ್ಲ. ಕಮಿಟಿಯವರು ಅವಳನ್ನು ಬಿಡಿಸುವ ಮಾತಾಡಿದರು. ನಾನು ಹೊರಡುವ ದಿನ ಅಧ್ಯಕ್ಷರಾದ ಈರಪ್ಪನವರು ಮನೆಯ ಕಟ್ಟೆಯವರೆಗೆ ಬಂದರು.

‘ಅಕ್ಕೋರ, ಆರಾಮ ಹೋಗಿ ಬರ್ರಿ. ಬಂದ ಮ್ಯಾಲೆ ನೀಲಮ್ಮನ ವಿಷಯ ಮುಗಿಸಿಬಿಡೂಣು. ನೀವು ಹೂಂ ಅಂದ್ರ ಸಾಕು.’

ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ರೈಲಿಗೆ ಹೊತ್ತಾಯಿತು ಎಂದೆ.

ಗುಂತಕಲ್ಲು ದಾಟಿದ ಮೇಲೆ ಸ್ಟೇಷನ್ ಹೆಸರುಗಳಲ್ಲಿ ಏನೋ ಬದಲಾಗಿತ್ತು. ಅಕ್ಷರಗಳು ನಮ್ಮವೇ, ಆದರೆ ತಲೆಯ ಮೇಲಿನ ಅಡ್ಡಗೆರೆ ಹೋಗಿ ಅಲ್ಲೊಂದು ಸಣ್ಣ ಸರಿ ಗುರುತು ಕೂತಿತ್ತು. ಯಾರೋ ಉದಾರಿ ಮಾಸ್ತರರು ಊರೂರು ತಿರುಗಿ ಎಲ್ಲ ಅಕ್ಷರಗಳಿಗೂ ಸರಿ ಹಾಕಿ ಹೋದಂತೆ. ಅದನ್ನು ನೋಡುತ್ತ ನೋಡುತ್ತ ನಿದ್ದೆ ಹೋದೆ. ಎಚ್ಚರಾದಾಗ ಬೆಳಗಾಗುತ್ತಿತ್ತು, ಗಾಡಿ ಸೇತುವೆಯ ಮೇಲಿತ್ತು. ಕೆಳಗೆ ಕೃಷ್ಣೆ. ಕೂಡಲಸಂಗಮದಲ್ಲಿ ನಾನು ಕಾಲು ತೊಳೆದ ನೀರೇ ಇಷ್ಟು ಅಗಲವಾಗಿ, ಇಷ್ಟು ನಿಧಾನವಾಗಿ, ನನ್ನನ್ನು ಗುರುತು ಹಿಡಿಯದೆ ಮಲಗಿತ್ತು. ಮಂಜಿನೊಳಗೆ ಒಂದು ದೋಣಿ ನಿಂತಿತ್ತೋ ಸಾಗುತ್ತಿತ್ತೋ ತಿಳಿಯಲಿಲ್ಲ.

ದುವ್ವಾಡ

ಮಧ್ಯಾಹ್ನ ಯಾರೋ ‘ವೈಜಾಗ್’ ಎಂದರು. ಡಬ್ಬಿಯ ಅರ್ಧ ಜನ ಎದ್ದು ಬಾಗಿಲಿಗೆ ನಡೆದರು. ನಾನೂ ಸೂಟ್‌ಕೇಸು ಎಳೆದುಕೊಂಡು ಇಳಿದೆ. ಗಾಡಿ ಹೊರಟ ಮೇಲೆ ತಲೆಯೆತ್ತಿ ನೋಡಿದರೆ ಹಳದಿ ಹಲಗೆಯ ಮೇಲೆ ‘ದುವ್ವಾಡ’ ಎಂದಿತ್ತು. ಸರಿ ಗುರುತು ಹೊತ್ತ ಅಕ್ಷರಗಳನ್ನು ಓದಲು ಕಲಿತ ಸಂತೋಷಕ್ಕೂ, ತಪ್ಪು ಊರಿನಲ್ಲಿ ಇಳಿದ ಗಾಬರಿಗೂ ನಡುವೆ ಒಂದು ಕ್ಷಣ ಸುಮ್ಮನೆ ನಿಂತೆ.

ಸಂಪಿಗೆ ಹೂವಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ನನ್ನ ಮುಖ ನೋಡಿಯೇ ವಿಷಯ ತಿಳಿದುಕೊಂಡಳು. ‘ಎಕ್ಕಡಿಕಿ ವೆಳ್ಳಾಲಿ ಅಮ್ಮಾ?’ ಎಲ್ಲಿಗೆ ಹೋಗಬೇಕು ಎಂದು ಕೇಳುತ್ತಿದ್ದಾಳೆಂದು ಅಂದಾಜು ಮಾಡಿ, ಶಾರದಾಳ ವಿಳಾಸದ ಚೀಟಿ ತೋರಿಸಿದೆ. ಅವಳಿಗೆ ಓದಲು ಬರುತ್ತಿರಲಿಲ್ಲ. ನನಗೆ ಅವಳ ಮಾತು ಬರುತ್ತಿರಲಿಲ್ಲ. ನಾನು ಚೀಟಿಯನ್ನು ಜೋರಾಗಿ ಓದಿದೆ, ಅವಳು ತಲೆಯಾಡಿಸಿದಳು. ಹೀಗೆ ಇಬ್ಬರೂ ಸೇರಿ ಒಬ್ಬ ಸಾಕ್ಷರಳಾದೆವು. ಬಸ್ಸಿನಲ್ಲಿ ಪಕ್ಕದಲ್ಲೇ ಕೂಡಿಸಿಕೊಂಡಳು. ಇಳಿಯುವ ಜಾಗ ಬಂದಾಗ ಒಂದು ಸಂಪಿಗೆ ಕೊಟ್ಟು, ಬೆನ್ನಿಗೆ ಕೈಯಿಟ್ಟು ಇಳಿಸಿದಳು.

ಆ ಬಸ್ಸಿನ ಕಿಟಕಿಯಿಂದಲೇ ನಾನು ಮೊದಲು ನೋಡಿದ್ದು. ಸಾಲು ಮನೆಗಳು, ಒಣಹಾಕಿದ ಸೀರೆಗಳು, ಅವುಗಳ ಹಿಂದೆ ಒಂದು ಹಡಗು. ನೀರು ಕಾಣುತ್ತಿರಲಿಲ್ಲ. ಮನೆಗಳ ನಡುವೆ ಹಡಗು ಬಾಡಿಗೆಗಿದ್ದಂತೆ ನಿಂತಿತ್ತು. ಕನಸಿನಲ್ಲಿ ಇಂಥವು ಕಂಡರೆ ಯಾರೂ ಏಕೆಂದು ಕೇಳುವುದಿಲ್ಲ. ನಾನೂ ಕೇಳಲಿಲ್ಲ.

ಶಾರದಾ ಬಾಗಿಲಲ್ಲೇ ಬೈದಳು. ‘ಅಲ್ಲ ಅಕ್ಕಾ, ದುವ್ವಾಡದಾಗ ಇಳದ್ರ ಹೆಂಗ? ಇವರು ಸ್ಟೇಷನ್ದಾಗ ಎರಡು ತಾಸು ಕಾಯ್ದಾರ. ಕೈಕಾಲು ತೊಳಕೊಂಡು ಊಟಕ್ಕ ಕೂಡು ಮರಿ!’

ಅವಳಿಗಿಂತ ಎಂಟು ವರ್ಷ ದೊಡ್ಡವಳಾದ ನನ್ನನ್ನು ಮರಿ ಎಂದಳಲ್ಲ ಎಂದು ನೋಡಿದೆ. ಅದು ತೆಲುಗಿನ ‘ಮರಿ’, ‘ಮತ್ತೆ’ ಎಂಬಂಥ ಮಾತು ಎಂದು ಮೂರ್ತಿ ನಗುತ್ತ ಹೇಳಿದರು. ಹನ್ನೆರಡು ವರ್ಷದಲ್ಲಿ ನಮ್ಮ ಗದಗಿನ ಕನ್ನಡದ ತುದಿಗೆ ಅದು ಮೆಲ್ಲಗೆ ಬಂದು ಅಂಟಿಕೊಂಡಿತ್ತು. ಅವಳ ಮಗಳು ನನ್ನ ಕನ್ನಡಕ್ಕೆಲ್ಲ ತೆಲುಗಿನಲ್ಲೇ ಉತ್ತರ ಕೊಡುತ್ತಿದ್ದಳು. ಮರುದಿನ ಬೆಳಗ್ಗೆ ಆ ಹುಡುಗಿ ಚೀಲ ಹೆಗಲಿಗೇರಿಸಿ, ‘ಪೆದ್ದಮ್ಮಾ, ಬಡಿಕಿ ವೆಳ್ತುನ್ನಾನು’ ಎಂದಾಗ ನನ್ನೆದೆ ಧಸಕ್ಕೆಂದಿತು. ಯಾರು ಬಡಿಯುತ್ತಾರೆ ಇವಳನ್ನು? ತೆಲುಗಿನಲ್ಲಿ ಪೆದ್ದಮ್ಮ ಎಂದರೆ ದೊಡ್ಡಮ್ಮ, ಬಡಿ ಎಂದರೆ ಶಾಲೆಯಂತೆ.

ಗುಡ್ಡದ ಶಾಲೆ

ಶಾಲೆ ಬಂದರಿನ ಹಿಂದಿನ ಗುಡ್ಡದ ಇಳಿಜಾರಿನಲ್ಲಿತ್ತು. ನಾಲ್ಕು ಕೋಣೆ, ಹೆಂಚಿನ ಮಾಡು. ಹಡಗಿಗೆ ತುಂಬುವ ಅದಿರಿನ ದೂಳು ಗಾಳಿಯಲ್ಲಿ ಬಂದು ಗೋಡೆಗಳಿಗೆ ಕೆಂಪು ಹಚ್ಚಿತ್ತು. ನಮ್ಮಲ್ಲಿ ನೂಲಿನ ಎಳೆ ಮಕ್ಕಳ ತಲೆಗೂದಲಲ್ಲಿ ಕೂತಿರುತ್ತದೆ. ಇಲ್ಲಿ ಮಕ್ಕಳ ಕಾಲರಿನ ಮೇಲೆ ಅದಿರು. ಅಪ್ಪಂದಿರ ಕೆಲಸ ಅವರ ಜೊತೆಗೇ ಶಾಲೆಗೆ ಬರುತ್ತಿತ್ತು.

ಹೆಡ್ ಮೇಡಂ ರಾಜ್ಯಲಕ್ಷ್ಮಿಯವರು ಐವತ್ತೈದರ ಎತ್ತರದ ಹೆಂಗಸು. ಇಸ್ತ್ರಿ ಮಾಡಿದ ನೂಲಿನ ಸೀರೆ, ದಪ್ಪ ಕನ್ನಡಕ. ಹಮಾಲರ ಮುಖಂಡನೊಬ್ಬ ಅವರೆದುರು ಟವಲು ಹೆಗಲಿನಿಂದ ಇಳಿಸಿ ನಿಂತಿದ್ದ. ಅವನ ಜೊತೆ ತೆಲುಗಿನಲ್ಲಿ ‘ಅಂಡಿ’ ಹಚ್ಚಿ ಬಹಳ ಮರ್ಯಾದೆಯಿಂದ ಮಾತು ಮುಗಿಸಿದವರು, ನನ್ನತ್ತ ತಿರುಗಿ, ‘ಬಾ. ಕೂತ್ಕೋ. ಹೊಟ್ಟೆ ಹಸಿವಾ ನಿಂಗೆ?’ ಎಂದರು.

ನಾನು ಬೆಚ್ಚಿದೆ. ಶಾರದಾ ಕಿವಿಯಲ್ಲಿ ಹೇಳಿದಳು: ಅವರ ತಾಯಿಯ ತಾಯಿ ಬಳ್ಳಾರಿಯವರು. ಎಂಟನೆಯ ವಯಸ್ಸಿನವರೆಗೆ ಅಜ್ಜಿಯ ತೊಡೆಯ ಮೇಲೆ ಕಲಿತ ಕನ್ನಡ ಅದು. ಅಜ್ಜಿ ಹೋದ ಮೇಲೆ ಅದು ಬೆಳೆಯಲಿಲ್ಲ, ಮರೆತೂ ಹೋಗಲಿಲ್ಲ. ಹೀಗಾಗಿ ತೆಲುಗಿನಲ್ಲಿ ದೊಡ್ಡ ಹೆಡ್ ಮೇಡಂ ಆಗಿದ್ದವರು ಕನ್ನಡಕ್ಕೆ ಬಂದೊಡನೆ ಎಂಟು ವರ್ಷದ ಹುಡುಗಿಯಾಗುತ್ತಿದ್ದರು. ಅವರ ಕನ್ನಡದಲ್ಲಿ ‘ನೀವು’ ಇರಲೇ ಇಲ್ಲ. ದೊಡ್ಡಕ್ಕೋರಾದ ಮೇಲೆ ಅಷ್ಟು ಸಲೀಸಾಗಿ ನನ್ನನ್ನು ಯಾರೂ ನೀನು ಎಂದಿರಲಿಲ್ಲ. ಮೊದಲ ದಿನ ಮುಜುಗರವಾಯಿತು, ಎರಡನೆಯ ದಿನ ಅದೇ ಹಿತವಾಯಿತು.

ಶಾರದಾ ಬರೆದದ್ದು ನಿಜವಾಗಿತ್ತು. ದಿನಕ್ಕೊಂದು ಪಿರಿಯಡ್ಡು ಅವರು ಯಾವುದಾದರೂ ತರಗತಿಯ ಹಿಂದಿನ ಬೆಂಚಿನಲ್ಲಿ ಮಕ್ಕಳ ನಡುವೆ ಒತ್ತಿಕೊಂಡು ಕೂಡುತ್ತಿದ್ದರು. ಕೈಯಲ್ಲಿ ಪುಸ್ತಕವಿಲ್ಲ, ಪೆನ್ನಿಲ್ಲ. ಆಮೇಲೆ ಆ ಶಿಕ್ಷಕಿಯೊಬ್ಬಳನ್ನೇ ಕರೆದುಕೊಂಡು ಹುಣಸೆಮರದ ಕಟ್ಟೆಯಲ್ಲಿ ಕಾಲು ಗಂಟೆ ಮಾತು. ಶನಿವಾರ ಮಾತ್ರ ತಿರುವುಮುರುವು. ಅವರು ಪಾಠ ಮಾಡುತ್ತಿದ್ದರು, ಉಳಿದ ಶಿಕ್ಷಕಿಯರು ಹಿಂದೆ ಕೂತು ನೋಡಿ, ಎಲ್ಲಿ ಎಡವಿದರೆಂದು ಅವರ ಮುಖದ ಮೇಲೆಯೇ ಹೇಳುತ್ತಿದ್ದರು. ನಾನಿದ್ದ ಶನಿವಾರ ಶಾರದಾ ಹೇಳಿದಳು, ‘ಮೇಡಂ, ಉತ್ತರ ಬರೂ ಮೊದಲೇ ನೀವು ಬೋರ್ಡಿನ ಕಡೆ ತಿರುಗಿದ್ರಿ.’ ನನಗೆ ತಿಳಿಯಲೆಂದು ಕನ್ನಡದಲ್ಲೇ ಹೇಳಿದ್ದಳು. ಅವರು ಕೆನ್ನೆಗೆ ಬೆರಳಿಟ್ಟು ಯೋಚಿಸಿ, ‘ಹೌದಾ? ಅಯ್ಯೋ’ ಎಂದರು.

ಕೆಲವು ತಾಯಂದಿರೂ ಸರದಿಯ ಮೇಲೆ ಬಂದು ಬಾಗಿಲ ಬಳಿ ಕೂಡುತ್ತಿದ್ದರು. ಮೀನಿನ ಬುಟ್ಟಿ ಹೊರಗಿಟ್ಟು ಒಳಗೆ ಬಂದ ಒಬ್ಬಾಕೆ ಗುಣಾಕಾರದ ಪಾಠ ಕೇಳುತ್ತ ತಾನೂ ಬೆರಳು ಮಡಚುತ್ತಿದ್ದಳು. ಕಿಟಕಿಯಾಚೆ ದೂರದಲ್ಲಿ ಸಮುದ್ರ ಬಿಸಿಲಿನಲ್ಲಿ ಕರಗಿ ಆಕಾಶದೊಳಗೆ ಸೇರಿಕೊಂಡಿತ್ತು. ಹಡಗುಗಳು ನೀರಿನಲ್ಲಲ್ಲ, ಗಾಳಿಯಲ್ಲಿ ತೂಗುಬಿದ್ದಂತೆ ಕಾಣುತ್ತಿದ್ದವು. ನಾನು ಬಹಳ ವರ್ಷಗಳ ಮೇಲೆ ವಿದ್ಯಾರ್ಥಿನಿಯ ಹಾಗೆ ಕೂತಿದ್ದೆ. ಏನೂ ಮಾಡದೆ ಬರೀ ನೋಡುವುದು ಒಂದು ಕೆಲಸವೆಂದು ಅಲ್ಲಿ ತಿಳಿಯಿತು.

ಇಲ್ಲು

ಮುಂದಿನ ವಾರ ರಾಜ್ಯಲಕ್ಷ್ಮಿಯವರು ಹೇಳಿದರು, ‘ನೀನು ನೋಡಿದ್ದು ಸಾಕು. ಈಗ ನೀನು ಪಾಠ ಮಾಡು. ನಾನು ನೋಡ್ತೀನಿ.’

‘ನನಗೆ ತೆಲುಗು ಬರುವುದಿಲ್ಲವಲ್ಲ?’

‘ನಮ್ಮ ಮಕ್ಕಳಿಗೂ ಪುಸ್ತಕದ ತೆಲುಗು ಬರಲ್ಲ. ಮಾಡು.’

ಆ ಸಂಜೆ ಶಾರದಾ ಹತ್ತು ತೆಲುಗು ವಾಕ್ಯ ಬಾಯಿಪಾಠ ಮಾಡಿಸಿದಳು. ಮರುದಿನ ಪಾಠಕ್ಕೆ ನಿಂತೆ. ಮೂರನೆಯ ತರಗತಿ. ನಕ್ಷೆಯ ಪಾಠ. ಕಪ್ಪುಹಲಗೆಯ ಮೇಲೆ ಶಾಲೆ ಬರೆದೆ, ದಾರಿ ಬರೆದೆ, ಸಮುದ್ರಕ್ಕೆ ಅಲೆ ಬರೆದೆ, ಗುಡ್ಡ ಬರೆದೆ. ಮಕ್ಕಳು ನನ್ನ ಉಚ್ಚಾರಕ್ಕೆ ನಕ್ಕರು, ನಾನೂ ನಕ್ಕೆ. ಹದಿನೈದು ವರ್ಷದ ಅಭ್ಯಾಸ ಕೈಗೆ ತಾನಾಗಿ ಬಂತು. ‘ಕೊಂಡ ಮೀದ ಏಮುಂದಿ?’ ಗುಡ್ಡದ ಮೇಲೆ ಏನಿದೆ ಎಂದು ಕೇಳಿದೆ. ಗುಡ್ಡದ ತುದಿಯಲ್ಲಿ ಒಂದು ಗುಡಿಯಿತ್ತು. ಆ ಉತ್ತರಕ್ಕೇ ನಾನು ಕಾಯುತ್ತಿದ್ದೆ.

ಕೊನೆಯ ಸಾಲಿನಲ್ಲಿ ಅಪ್ಪಲಮ್ಮ ಎಂಬ ಸಣಕಲು ಹುಡುಗಿ ಎದ್ದು ನಿಂತಳು. ತುಟಿಯಲ್ಲೇ ಏನೋ ಅಂದಳು. ನನಗೆ ‘ಇಲ್ಲ’ ಎಂದು ಕೇಳಿಸಿತು. ‘ಪರವಾಗಿಲ್ಲ, ಕೂರ್ಚೋ’ ಎಂದು ಅವಳನ್ನು ಕೂಡಿಸಿ, ಪಕ್ಕದವನನ್ನು ಕೇಳಿದೆ. ಅವನು ‘ಗುಡಿ!’ ಎಂದು ಕೂಗಿದ. ಶಭಾಶ್ ಎಂದೆ. ಪಾಠ ಮುಗಿದಾಗ ಮಕ್ಕಳು ಚಪ್ಪಾಳೆ ತಟ್ಟಿದರು. ನಿಜ ಹೇಳಬೇಕೆಂದರೆ ನನಗೆ ಬಹಳ ಹೆಮ್ಮೆಯಾಗಿತ್ತು.

ಹುಣಸೆಮರದ ಕಟ್ಟೆಯಲ್ಲಿ ರಾಜ್ಯಲಕ್ಷ್ಮಿಯವರು ಟೀ ಲೋಟ ಕೈಗೆ ಕೊಟ್ಟು, ಚೆನ್ನಾಗಿತ್ತು ಎನ್ನುವರೆಂದು ನಾನು ಕಾದಿದ್ದಾಗ ಕೇಳಿದರು:

‘ಆ ಹುಡುಗಿ ಏನು ಹೇಳಿದ್ಲು?’

‘ಯಾರು, ಅಪ್ಪಲಮ್ಮನೇ? ಗೊತ್ತಿಲ್ಲ ಅಂದಳು. ಇಲ್ಲ ಅಂದಳು.’

‘ಇಲ್ಲ ಅಲ್ಲ. ಇಲ್ಲು. ಇಲ್ಲು ಅಂದ್ರೆ ಮನೆ. ಅವಳ ಮನೆ ಗುಡ್ಡದ ಮೇಲೇ ಐತೆ.’ ಮೇಲೆ, ಗುಡಿಯ ಕೆಳಗಿನ ತಗಡಿನ ಗುಡಿಸಲುಗಳತ್ತ ಕೈ ತೋರಿಸಿದರು. ‘ಅವಳು ಹೇಳಿದ್ಲು. ನೀನು ಕೇಳ್ಲಿಲ್ಲ.’

ಇನ್ಯಾರಾದರೂ ಇದನ್ನೇ ದೊಡ್ಡ ಮಾತುಗಳಲ್ಲಿ ಹೇಳಿದ್ದರೆ ನಾನು ವಾದಕ್ಕೆ ನಿಲ್ಲುತ್ತಿದ್ದೆ. ಭಾಷೆ ಬೇರೆ, ನನ್ನ ತಪ್ಪೇನು ಎನ್ನುತ್ತಿದ್ದೆ. ಎಂಟು ವರ್ಷದ ಹುಡುಗಿಯ ಕನ್ನಡದಲ್ಲಿ ಬಂದ ಆ ಎರಡು ವಾಕ್ಯ ಕೇಳಿ, ತಲೆಯೆತ್ತಿ ಆ ತಗಡಿನ ಗುಡಿಸಲುಗಳನ್ನು ಒಂದೊಂದಾಗಿ ನೋಡತೊಡಗಿದೆ. ಟೀ ಆರಿಹೋಯಿತು. ಕೆಳಗೆ ಬಂದರಿನಲ್ಲಿ ಹಡಗೊಂದು ಉದ್ದಕ್ಕೆ ಕೂಗು ಹಾಕಿತು. ನನಗೆ ನಮ್ಮ ನೀಲಮ್ಮನ ತರಗತಿ ನೆನಪಾಯಿತು. ಅಲ್ಲಿ ನಾಲ್ಕೈದು ಮಕ್ಕಳು ಕಲ್ಲುಗಣಿಯ ಹತ್ತಿರದ ತಾಂಡಾದಿಂದ ಬರುವ ಲಂಬಾಣಿ ಮಕ್ಕಳು, ಅವರ ಮನೆಮಾತು ಕನ್ನಡವಲ್ಲ. ಬಾಯಿ ಬಿಡುವುದಿಲ್ಲ ಎಂದು ಸಾಹೇಬರು ಬರೆದದ್ದು ಯಾರ ಬಗ್ಗೆ? ನನಗೆ ಗೊತ್ತಿರಲಿಲ್ಲ. ನಾನು ನೋಡಿಯೇ ಇರಲಿಲ್ಲ.

ಸಿಂಹಾಚಲಂ

ಊರು ಬಿಡುವ ಮುನ್ನಾದಿನ ರಾಜ್ಯಲಕ್ಷ್ಮಿಯವರು ನನ್ನನ್ನು ಸಿಂಹಾಚಲದ ನರಸಿಂಹ ದೇವರಿಗೆ ಕರೆದುಕೊಂಡು ಹೋದರು. ಬೆಟ್ಟದ ದಾರಿಯುದ್ದಕ್ಕೂ ಅನಾನಸಿನ ರಾಶಿ. ಬೆಳಗಿನ ಮೋಡ ಕೈಗೆಟುಕುವಷ್ಟು ಕೆಳಗಿತ್ತು. ಗರ್ಭಗುಡಿಯಲ್ಲಿ ವಿಗ್ರಹವನ್ನು ಹುಡುಕಿದೆ, ಕಾಣಲಿಲ್ಲ. ಮೈತುಂಬ ಗಂಧ ಬಳಿದ ಒಂದು ದುಂಡನೆಯ ಆಕಾರ ಅಷ್ಟೇ. ವರ್ಷಕ್ಕೆ ಒಂದೇ ದಿನ ಆ ಗಂಧ ತೆಗೆಯುತ್ತಾರಂತೆ. ಉಳಿದ ದಿನ ಬಂದವರು ಇಷ್ಟನ್ನೇ ನೋಡಿ ಕೈಮುಗಿದು ಹೋಗುತ್ತಾರಂತೆ. ಪಕ್ಕದಲ್ಲಿದ್ದ ಮುದುಕಿ ಆ ಗಂಧದ ಗುಡ್ಡೆಯ ಜೊತೆ ಮನೆಯ ಕಷ್ಟಸುಖ ಮಾತಾಡುತ್ತಿದ್ದಳು. ಅವಳಿಗೆ ಕಾಣದೇ ಇರುವುದು ಏನೂ ಇದ್ದಂತಿರಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಕೂತು ನೀಲಮ್ಮನ ವಿಷಯ ಹೇಳಿದೆ. ಅವರು ಅನಾನಸಿನ ಹೋಳು ಕೈಯಲ್ಲಿ ಹಿಡಿದು ಕೇಳಿಸಿಕೊಂಡರು. ಆಮೇಲೆ ಹೋಳನ್ನು ಕೆಳಗಿಟ್ಟು ಮಾತಾಡಿದರು. ಕನ್ನಡದಲ್ಲಿ ಶುರು ಮಾಡಿ, ಶಬ್ದ ಸಿಗದಲ್ಲಿ ತೆಲುಗಿಗೆ ಜಾರಿ, ಮತ್ತೆ ಮರಳಿ ಬರುತ್ತ.

‘ನಾನೂ ಒಬ್ಬಳನ್ನ ಕಳಿಸಿಬಿಟ್ಟೆ. ಮೊದಲ ವರ್ಷ. ಎಲ್ಲರೂ ಹೇಳಿದ್ರು, ಅವಳಿಗೆ ಬರಲ್ಲ ಅಂತ. ನಾನು ಹೋಗಿ ನೋಡ್ಲಿಲ್ಲ. ಹೂಂ ಅಂದೆ. ಅವಳು ಅಳ್ಲಿಲ್ಲ. ನಮಸ್ಕಾರ ಮಾಡಿ ಹೋದ್ಲು.’

‘ಅವರಿಗೆ ನಿಜವಾಗಿಯೂ ಬರುತ್ತಿರಲಿಲ್ಲವೇ?’

‘ಅದೇ.’ ಅವರು ನನ್ನತ್ತ ತಿರುಗಿದರು. ಕನ್ನಡಕದ ಹಿಂದೆ ಕಣ್ಣುಗಳು ತುಂಬಿದ್ದವು. ‘ಅದೇ ನಂಗೆ ಇನ್ನೂ ಗೊತ್ತಿಲ್ಲ.’

ಇಬ್ಬರೂ ಬೆಟ್ಟ ಇಳಿದೆವು. ಮೋಡ ನಮ್ಮ ಜೊತೆಯಲ್ಲೇ ಮೆಟ್ಟಿಲಿಳಿಯುತ್ತಿತ್ತು.

ವಿಜಯವಾಡ

ಮರಳುವ ದಾರಿಯಲ್ಲಿ ವಿಜಯವಾಡದಲ್ಲಿ ಎರಡು ದಿನ. ಅಲ್ಲಿ ಕಾಲುವೆಯ ದಂಡೆಯ ಮೇಲೊಂದು ಓಣಿಯ ಶಾಲೆಯಿತ್ತು. ಅದರ ಹೆಡ್‌ಮಾಸ್ತರರು ಹಿಂದೆ ರಾಜ್ಯಲಕ್ಷ್ಮಿಯವರ ಕೈಕೆಳಗೆ ಕೆಲಸ ಮಾಡಿದವರು. ಅವರ ಹೆಸರಿಗೊಂದು ಪತ್ರ ಕೊಟ್ಟು ಮೇಡಂ ನನ್ನನ್ನು ಕಳಿಸಿದ್ದರು. ಊರಿನಲ್ಲಿ ಎಲ್ಲಿ ನೋಡಿದರೂ ನೀರು. ಕೃಷ್ಣೆಯನ್ನು ಕಾಲುವೆಗಳು ಹಂಚಿಕೊಂಡು ಮನೆಬಾಗಿಲಿಗೆ ಒಯ್ದಿದ್ದವು. ಕೊಡ ನೀರಿಗಾಗಿ ಜಗಳಾಡುವ ಊರಿನಿಂದ ಬಂದ ನಾನು, ಮೆಟ್ಟಿಲ ಮೇಲೆ ಕೂತು ನೀರಿಗೆ ಕಾಲು ಬಿಟ್ಟು ಪಾತ್ರೆ ತಿಕ್ಕುವ ಹೆಂಗಸರನ್ನು ನೋಡುತ್ತ ಹೊತ್ತು ಮರೆತೆ.

ಹೆಡ್‌ಮಾಸ್ತರರು ನನ್ನನ್ನು ಸುಬ್ಬಾರಾವು ಎಂಬ ಹಿರಿಯ ಮೇಷ್ಟ್ರ ತರಗತಿಯಲ್ಲಿ ಕೂಡಿಸಿದರು. ನಿವೃತ್ತಿಗೆ ಹತ್ತಿರವಾದವರು, ಊರಿಗೆ ಊರೇ ಅವರ ಶಿಷ್ಯರು. ಕರ್ನಾಟಕದಿಂದ ಯಾರೋ ಬಂದಿದ್ದಾರೆಂದು ಗರಿಗರಿ ಪಂಚೆ ಉಟ್ಟಿದ್ದರು. ಅವರ ದನಿ ಕಂಚಿನ ಹಾಗೆ. ಅವರು ಒಂದು ಸಾಲು ಹೇಳಿದರೆ ಇಡೀ ತರಗತಿ ಹೇಳುತ್ತಿತ್ತು. ಆ ಸದ್ದು ಕಾಲುವೆಯ ನೀರಿನ ಮೇಲೆ ಹೋಗಿ ಮರಳಿ ಬರುತ್ತಿತ್ತು. ಆದರೆ ನಾನು ಕೂತಲ್ಲಿ, ಹಿಂದಿನ ಸಾಲಿನ ಆರು ಮಕ್ಕಳ ತುಟಿ ಮಾತ್ರ ಆಡುತ್ತಿತ್ತು. ದನಿಯಿರಲಿಲ್ಲ. ಒಬ್ಬಳು ತಲೆಕೆಳಗಾಗಿ ಪುಸ್ತಕ ಹಿಡಿದಿದ್ದಳು.

ಆಮೇಲೆ ಶಿಕ್ಷಕರ ಕೋಣೆಯಲ್ಲಿ ಎಲ್ಲರಿಗೂ ನಿಂಬೆ ಸೋಡ ತರಿಸಿದರು. ‘ಚೆಪ್ಪಂಡಿ,’ ಹೇಗಿತ್ತು ಹೇಳಿ, ಎಂದರು ಹೆಡ್‌ಮಾಸ್ತರರು. ನಾನು ವಿಶಾಖಪಟ್ಟಣದ ಹುಮ್ಮಸ್ಸಿನಲ್ಲಿದ್ದೆ. ಅರ್ಧ ಇಂಗ್ಲಿಷು, ಅರ್ಧ ಹೊಸ ತೆಲುಗಿನಲ್ಲಿ, ಏಳೆಂಟು ಜನರ ನಡುವೆ ಹೇಳಿಬಿಟ್ಟೆ: ಹಿಂದಿನ ಆರು ಮಕ್ಕಳಿಗೆ ಓದಲು ಬರುವುದಿಲ್ಲ, ಮೇಷ್ಟ್ರಿಗೆ ಅದು ಗೊತ್ತಾಗಿಲ್ಲ.

ಸುಬ್ಬಾರಾವು ಲೋಟ ಕೆಳಗಿಟ್ಟರು. ಮೇಲೆ ತಿರುಗುವ ಫ್ಯಾನು ನೋಡಿದರು. ‘ಅಲಾಗೇ ಅಂಡಿ,’ ಹಾಗೇ ಆಗಲಿ, ಎಂದು ಎದ್ದು ಹೊರಗೆ ಹೋದರು. ಅವರ ಚಪ್ಪಲಿಯ ಸದ್ದು ಅಂಗಳ ದಾಟುವುದು ಕೇಳಿಸಿತು.

ಹುಣಸೆಮರದ ಕಟ್ಟೆಗೆ ರಾಜ್ಯಲಕ್ಷ್ಮಿಯವರು ಯಾವಾಗಲೂ ಒಬ್ಬರನ್ನೇ ಏಕೆ ಕರೆಯುತ್ತಿದ್ದರು ಎಂದು ನನಗೆ ಆಗ ಹೊಳೆಯಿತು. ಕಂಡದ್ದು ಸರಿಯಾಗಿತ್ತು. ಹೇಳಿದ ರೀತಿ ಹೊಡೆತವಾಗಿತ್ತು. ನಮ್ಮ ತಪಾಸಣೆಯ ಸಾಹೇಬರಿಗೂ ನನಗೂ ಏನು ವ್ಯತ್ಯಾಸ ಉಳಿಯಿತು?

ಮರುದಿನ ಬೆಳಗ್ಗೆ, ಪ್ರಾರ್ಥನೆಗೂ ಮೊದಲು, ಕ್ಷಮೆ ಕೇಳಲೆಂದು ಶಾಲೆಗೆ ಹೋದೆ. ಸುಬ್ಬಾರಾವು ಆಗಲೇ ಬಂದಿದ್ದರು. ಕಾಲುವೆಯ ಮೆಟ್ಟಿಲ ಮೇಲೆ, ಕೊನೆಯ ಸಾಲಿನ ಆ ಆರು ಮಕ್ಕಳ ನಡುವೆ, ಹಳೆಯ ಪಂಚೆಯಲ್ಲಿ ಕೂತಿದ್ದರು. ಹುಡುಗಿಯ ಪುಸ್ತಕ ನೆಟ್ಟಗಿತ್ತು. ಮೇಷ್ಟ್ರ ಬೆರಳು ಅಕ್ಷರದ ಕೆಳಗೆ ನಿಧಾನವಾಗಿ ಸರಿಯುತ್ತಿತ್ತು. ಕಂಚಿನ ದನಿಯನ್ನು ಅವರು ಎಲ್ಲಿಯೋ ಇಟ್ಟು ಬಂದಿದ್ದರು.

‘ಮೇಷ್ಟ್ರೇ, ನಿನ್ನೆ ಎಲ್ಲರೆದುರು ನಾನು ಹಾಗೆ...’

ಅವರು ಕೈಯೆತ್ತಿ ತಡೆದರು. ಕೋಪವಿನ್ನೂ ಪೂರ್ತಿ ಇಳಿದಿರಲಿಲ್ಲ. ಮುಖ ನೋಡಿದರೆ ತಿಳಿಯುತ್ತಿತ್ತು. ಆದರೂ ಪಕ್ಕದ ಮೆಟ್ಟಿಲನ್ನು ಕೈಯಿಂದ ಒರೆಸಿದರು.

‘ಕೂರ್ಚೋಂಡಿ,’ ಎಂದರು.

ಕೂತೆ. ನೀರು ಕಾಲ ಬೆರಳಿಗೆ ತಾಕುತ್ತಿತ್ತು. ಬೆಳಗಿನ ಬಿಸಿಲು ಅಲೆಗಳ ಮೇಲಿಂದ ಎದ್ದು ಮಕ್ಕಳ ಮುಖದ ಮೇಲೆ ಆಡುತ್ತಿತ್ತು. ಎಷ್ಟು ಹೊತ್ತು ಕೂತಿದ್ದೆನೋ ಅಂದಾಜಿಲ್ಲ. ರೈಲು ತಪ್ಪಲಿಲ್ಲ ಎಂಬುದೊಂದೇ ಗೊತ್ತು.

ಮಗ್ಗದ ಓಣಿ

ಗದಗಿಗೆ ಬಂದ ಮರುದಿನವೇ ಈರಪ್ಪನವರು ಕಮಿಟಿಯ ಇಬ್ಬರೊಡನೆ ನನ್ನ ಕೋಣೆಗೆ ಬಂದರು. ಸಮುದ್ರ ಹೆಂಗಿತ್ರಿ ಎಂದು ಕೇಳಿ, ನಾನು ಹೇಳುವ ಮೊದಲೇ ನೀಲಮ್ಮನ ಮಾತೆತ್ತಿದರು.

‘ನಾನು ಅವರ ಪಾಠ ನೋಡಿಲ್ರಿ. ನೋಡದ ಹೂಂ ಅನ್ನೂದಿಲ್ಲ,’ ಎಂದೆ.

‘ಅಲ್ರಿ ಅಕ್ಕೋರ, ನೀವು ದೊಡ್ಡಕ್ಕೋರಾಗಿ ಮೂರು ವರ್ಷ ಆತು. ಇನ್ನೂ ನೋಡಿಲ್ಲಂದ್ರ?’

‘ತಪ್ಪು ನಂದ. ಪರೀಕ್ಷಿ ಮುಗಿಯೂತನಕ ಟೈಮ್ ಕೊಡ್ರಿ. ಆಮ್ಯಾಲೂ ಆ ಮಕ್ಕಳು ಬಾಯಿ ಬಿಡಲಿಲ್ಲಂದ್ರ ಆಕಿ ಜೋಡಿ ನನ್ನೂ ಬಿಡಿಸ್ರಿ.’

ಈರಪ್ಪನವರು ಉಳಿದಿಬ್ಬರ ಮುಖ ನೋಡಿದರು. ಹೊರಗೆ ಮಗ್ಗಗಳು ಲಟಲಟ ಅನ್ನುತ್ತಿದ್ದವು. ‘ಪರೀಕ್ಷಿತನಕ. ಆಮ್ಯಾಲೆ ಮಾತಿಲ್ಲ,’ ಎಂದು ಎದ್ದರು.

ನಾನು ಮೂರನೆಯ ತರಗತಿಯ ಬಾಗಿಲಿಗೆ ಹೋದಾಗ ನೀಲಮ್ಮ ಎದ್ದು ನಿಂತಳು. ಸುದ್ದಿ ಅವಳಿಗೆ ಮುಟ್ಟಿತ್ತು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು, ಶಿಕ್ಷೆ ಕೇಳುವವಳಂತೆ ನಿಂತಿದ್ದಳು.

‘ಇವತ್ತು ನಾ ಪಾಠ ಮಾಡ್ತೀನಿ. ನೀವು ಹಿಂದ ಕೂತು ನೋಡ್ರಿ. ಎಲ್ಲೆ ತಪ್ಪಿದೆ ಹೇಳಬೇಕು.’

ಅವ್ವ, ಅಪ್ಪ, ಅಜ್ಜಿ ಎಂದು ಮನೆಯವರ ಹೆಸರು ಹೇಳಿಸುವ ಪಾಠ ಮಾಡಿದೆ. ಮುಗಿದ ಮೇಲೆ ಅವಳೊಬ್ಬಳನ್ನೇ ಹಿತ್ತಿಲ ಬೇವಿನ ಮರದ ಕಡೆ ಕರೆದುಕೊಂಡು ಹೋದೆ. ಬಹಳ ಹೊತ್ತು ‘ಛಲೋ ಇತ್ರಿ, ಛಲೋ ಇತ್ರಿ’ ಎಂದಷ್ಟೇ ಅಂದಳು. ನಾನು ಸುಮ್ಮನೆ ಕಾದೆ. ಕಾಯುವುದನ್ನು ಕಲಿತು ಬಂದಿದ್ದೆ.

ಕೊನೆಗೆ ನೆಲ ನೋಡುತ್ತ ಹೇಳಿದಳು. ‘ತಾಂಡಾದ ಗೋಪಿಬಾಯಿ ಎರಡು ಸಲ ಬಾಯಿ ತಗದಿದ್ಲುರಿ. ನೀವು ಜೋರ ಹೇಳು, ಜೋರ ಹೇಳು ಅಂದ್ರಿ. ಆಕಿ ಮುಚ್ಚಿಬಿಟ್ಲು.’ ಸ್ವಲ್ಪ ತಡೆದು, ‘ನಾನೂ ದಿನಾ ಹಂಗ ಅಂತೀನ್ರಿ,’ ಎಂದಳು. ಆಮೇಲೆ ತಲೆಯೆತ್ತಿದಳು. ‘ನಾಳೆ ನಾ ಮಾಡ್ತೀನಿ. ನೀವು ಕೂಡ್ರಿ.’

ನೀಲಮ್ಮ ಮುಂದೆ ಹೆಸರಾಂತ ಶಿಕ್ಷಕಿಯಾದಳು ಎಂದರೆ ಸುಳ್ಳಾದೀತು. ಭಾಗಾಕಾರ ಕಲಿಸುವಾಗ ಅವಳು ಈಗಲೂ ತಡವರಿಸುತ್ತಾಳೆ. ಆದರೆ ಪರೀಕ್ಷೆಯ ನಂತರದ ಸಭೆಯಲ್ಲಿ ಮೂರನೆಯ ತರಗತಿಯವರು ತಂದೆತಾಯಿಯ ಎದುರು ಒಬ್ಬೊಬ್ಬರಾಗಿ ನಿಂತು ಓದಿದರು. ಈರಪ್ಪನವರು ಆ ಮಾತನ್ನು ಮತ್ತೆ ಎತ್ತಲಿಲ್ಲ.

ಅದು ಆಮೇಲಿನ ಮಾತು. ಆ ಮರುದಿನ ನಾನು ನಮ್ಮ ಶಾಲೆಯ ಹಿಂದಿನ ಬೆಂಚಿನಲ್ಲಿ, ಇಬ್ಬರು ಮಕ್ಕಳ ನಡುವೆ ಮೊಣಕಾಲು ಮಡಚಿಕೊಂಡು ಮೊದಲ ಸಲ ಕೂತೆ. ನೀಲಮ್ಮ ಸೀಮೆಸುಣ್ಣ ಕೈಗೆತ್ತಿಕೊಂಡಳು. ಪಾಠ ಕುಂಟುತ್ತ ಸಾಗಿತು. ಮುಂದಿನ ಸಾಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ಅಡ್ಡ ಕೂತ ಗೋಪಿಬಾಯಿಯ ತುಟಿ ಅಲುಗಿತು. ನೀಲಮ್ಮ ಜೋರಾಗಿ ಹೇಳು ಎನ್ನಲಿಲ್ಲ. ಸೀಮೆಸುಣ್ಣ ಮೇಜಿನ ಮೇಲಿಟ್ಟು, ಅವಳ ಹತ್ತಿರ ಹೋಗಿ, ಮೊಣಕಾಲೂರಿ, ಅವಳ ಬಾಯಿಗೆ ಕಿವಿ ಕೊಟ್ಟಳು. ಹುಡುಗಿ ಹೇಳಿದಳು, ಒಂದು ಮಾತಲ್ಲ, ಬಹಳ ಹೊತ್ತು. ಏನು ಹೇಳಿದಳೋ ಹಿಂದೆ ಕೂತ ನನಗೆ ಕೇಳಿಸಲಿಲ್ಲ. ನೀಲಮ್ಮನಿಗೆ ಕೇಳಿಸಿತು.